ದ್ರಾಕ್ಷಿ ಸೀಮೆಯ ತುಕ್ಕು ಗಾಡಿ, ನನ್ನ ಅಡಿಕೆ ತೋಟ: ಮಿನಿ ಟ್ರ್ಯಾಕ್ಟರ್ ಅನುಭವ

ಅಡಿಕೆ ತೋಟಕ್ಕೆ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ತರೋದು ಅಂದರೆ ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಎಲ್ಲರೂ ಹೇಳುತ್ತಿದ್ದರು. ಬೇರು ಹರಿಯುತ್ತೆ, ಮಣ್ಣು ಗಟ್ಟಿಯಾಗುತ್ತೆ, ಹಳೇ ಗಾಡಿ ಶೆಡ್ಡಲ್ಲೇ ಜಾಸ್ತಿ ಇರುತ್ತೆ ಅನ್ನೋದು ಅವರ ಮಾತು. ಆದರೂ ನಾನು ಒಂದನ್ನು ತಗೊಂಡೆ. ಈಗ ಮೂರನೇ ವರ್ಷ ನಡೆಯುತ್ತಿದೆ. ಗಾಡಿ ಹಾಕಿದ ದುಡ್ಡನ್ನು ಹೆಚ್ಚುಕಮ್ಮಿ ವಾಪಸ್ ದುಡಿದಿದೆ. ಟ್ರ್ಯಾಕ್ಟರ್ ಓಡಿಸೋದು, ಆಯಿಲ್ ಬದಲಾಯಿಸೋದು ಗೊತ್ತಿರೋರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ನಾಲ್ಕು ಎಕರೆ ಚಿಲ್ಲರೆ. ಅರ್ಧಕ್ಕಿಂತ ಜಾಸ್ತಿ ಅಡಿಕೆ, ಉಳಿದದ್ದು ತೆಂಗು. ಅಡಿಕೆ ಅಪ್ಪ ಹಾಕಿದ್ದು, 8 ಅಡಿ ಸಾಲು. ಈಗಿನವರು ಹಾಕುವ 9 ಅಡಿ ಇದ್ದಿದ್ದರೆ ನನ್ನ ಅರ್ಧ ತಲೆನೋವು ಇರುತ್ತಿರಲಿಲ್ಲ. ದೊಡ್ಡ ಟ್ರ್ಯಾಕ್ಟರ್ ಒಳಗೆ ಬರೋದೇ ಇಲ್ಲ. ಪವರ್ ಟಿಲ್ಲರ್ ಹಿಂದೆ ದಿನವಿಡೀ ನಡೆದರೆ ರಾತ್ರಿ ಊಟದ ತಟ್ಟೆ ಹಿಡಿಯೋಕೆ ಕೈ ನಡುಗುತ್ತಿತ್ತು. ಹುಲ್ಲು, ಉಳುಮೆ, ಗೊಬ್ಬರ ಸಾಗಣೆ, ಗರಿ ಹೊರೋದು ಎಲ್ಲ ಸೇರಿ ವರ್ಷಕ್ಕೆ 75–80 ಸಾವಿರ ಕೂಲಿಗೇ ಹೋಗುತ್ತಿತ್ತು. ಅದೂ ಆಳು ಸಿಕ್ಕಿದರೆ.

ಹೊಸ ಗಾಡಿಗೆ ರೋಟವೇಟರ್ (ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ಸಲಕರಣೆ) ಸೇರಿಸಿ 5 ಲಕ್ಷದ ಮೇಲೆ ಹೇಳಿದರು. ಸಬ್ಸಿಡಿ ಹೊಸದಕ್ಕೆ ಮಾತ್ರ, ಅದಕ್ಕೂ ಸರತಿ ಕಾಯಬೇಕು. ನನ್ನ ಕೈಲಿದ್ದದ್ದು 3 ಲಕ್ಷ. ಅದರಲ್ಲೇ ಎಲ್ಲ ಮುಗಿಯಬೇಕು ಅಂತ ಹಠ ಹಿಡಿದೆ.

ಯುವರಾಜ್ 215, ಸ್ವರಾಜ್ 717 ನೋಡಿದೆ. ಎರಡೂ 15 ಎಚ್‌ಪಿ, ಒಂದೇ ಸಿಲಿಂಡರ್. ಬಿಡಿಭಾಗ ಸಲೀಸಾಗಿ ಸಿಗುತ್ತವೆ. ಆದರೆ ನನಗೆ ಮೂರು ಸಿಲಿಂಡರ್, ಫೋರ್ ವೀಲ್ ಡ್ರೈವ್ ಬೇಕಿತ್ತು. ನಮ್ಮ ತೋಟದಲ್ಲಿ ಬಸಿಗಾಲುವೆ ಇದೆ, ಕೆರೆ ಕೆಳಗಿನ ಮಣ್ಣು. ಹಿಂದಿನ ಎರಡೇ ಚಕ್ರ ನಂಬಿಕೊಂಡರೆ ಮಳೆ ಬಿದ್ದ ವಾರ ಗಾಡಿ ಹೊರಗೇ ನಿಲ್ಲಬೇಕು. ಕೊನೆಗೆ ಯಾವ ಕಂಪನಿದು ತಗೊಂಡೆ ಅಂತ ಹೇಳಲ್ಲ. ಹೇಳಿದರೆ ಮಾತೆಲ್ಲ ಆ ಕಡೆಗೇ ಹೋಗುತ್ತದೆ.

ನನ್ನ ಪ್ರಕಾರ ಕಂಪನಿಗಿಂತ ಮುಖ್ಯ ಗಾಡಿ ಯಾವ ಸೀಮೆಯಲ್ಲಿ ದುಡಿದಿದೆ ಅನ್ನೋದು. ಗಂಗಾವತಿ, ಸಿಂಧನೂರು ಕಡೆಯ ಗದ್ದೆ ಗಾಡಿಗಳು ಬಣ್ಣ ಹೊಡೆದುಕೊಂಡು ಚೆನ್ನಾಗಿ ಕಾಣುತ್ತವೆ. ಆದರೆ ಕೆಸರಲ್ಲಿ ಓಡಿ ಓಡಿ ಮುಂದಿನ ಆಕ್ಸಲ್ ಸೀಲ್ ಹೋಗಿರುತ್ತವೆ. ಗೇರ್ ಆಯಿಲ್ ಡಿಪ್ ಸ್ಟಿಕ್ ತೆಗೆದು ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ, ಅಲ್ಲಿಂದ ಎದ್ದು ಬನ್ನಿ. ನಾನು ನೋಡಿದ ಗದ್ದೆ ಗಾಡಿಗಳಲ್ಲಿ ಅರ್ಧಕ್ಕರ್ಧ ಹಾಗೇ ಇದ್ದವು.

ವಿಜಯಪುರದ ಕಡೆ, ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಇಂಥ ಕಿರಿದಾದ ಗಾಡಿ ತುಂಬ ಇವೆ. ಅವರ ಮುಖ್ಯ ಕೆಲಸ ಔಷಧಿ ಹೊಡೆಯೋದು. ಹಿಂದೆ ಬ್ಲೋವರ್ ಕಟ್ಟಿಕೊಂಡು ಸಾಲಲ್ಲಿ ನಿಧಾನಕ್ಕೆ ಹೋಗೋದು. ಆ ಔಷಧಿಯಲ್ಲಿರುವ ಮೈಲುತುತ್ತ ಬಿದ್ದು ಬಿದ್ದು ಬಾನೆಟ್ಟು, ಮಡ್‌ಗಾರ್ಡು, ವೈರಿಂಗ್ ಎಲ್ಲ ತಿಂದುಹೋಗಿರುತ್ತದೆ. ನೋಡಿದರೆ ಗುಜರಿ. ಆದರೆ ಭಾರದ ಉಳುಮೆ ಮಾಡಿಲ್ಲದ ಕಾರಣ ಗೇರ್ ಬಾಕ್ಸು, ಸಲಕರಣೆ ಎತ್ತುವ ಲಿಫ್ಟು, ಹಿಂದಿನ ಆಕ್ಸಲ್ ಗಟ್ಟಿ. ತಗಡಿಗೆ ಹೆದರಿ ಜನ ಬಿಡುತ್ತಾರೆ, ರೇಟು ಇಳಿಯುತ್ತದೆ. ನಾನು ಕೈ ಹಾಕಿದ್ದು ಅಲ್ಲೇ.

ಮಾರುವವರು "ಗಾಡಿ ಛಲೋ ಐತ್ರಿ, ಒಂದ್ ಬೋಲ್ಟ್ ಬಿಚ್ಚಿಲ್ಲರಿ" ಅಂದರು. 2.40 ಲಕ್ಷ ಹೇಳಿದ್ದು ಕೊನೆಗೆ 1.80ಕ್ಕೆ ನಿಂತಿತು. ಬೆಳಿಗ್ಗೆ ಬೇಗ ಹೋಗಿ ಮೊದಲು ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿ ಇದ್ದಿದ್ದರೆ ಸಂಜೆ ಬರ್ತೀನಿ ಅಂತ ಹೇಳಿ ಹೊರಡುತ್ತಿದ್ದೆ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನೋದರಲ್ಲೇ ಮುಕ್ಕಾಲು ಸತ್ಯ ಇದೆ. ರೇಡಿಯೇಟರ್ ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿಸಿ ಗುಳ್ಳೆ ಬರುತ್ತದಾ ನೋಡಿದೆ, ಬರಲಿಲ್ಲ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಸ್ವಲ್ಪ ಹೊಗೆ ಇತ್ತು. ಅದನ್ನೇ ಹಿಡಿದು ಹತ್ತು ಸಾವಿರ ಇಳಿಸಿದೆ. ಲಿಫ್ಟಿಗೆ ಅವರ ರೋಟವೇಟರ್ ಎತ್ತಿಸಿ ಇಂಜಿನ್ ಆಫ್ ಮಾಡಿಸಿ ಟೀ ಕುಡಿದು ಬಂದೆ. ನಾಲ್ಕು ಬೆರಳಷ್ಟೂ ಇಳಿದಿರಲಿಲ್ಲ.

ಮೀಟರಿನಲ್ಲಿ 1,900 ಗಂಟೆ ಚಿಲ್ಲರೆ ತೋರಿಸುತ್ತಿತ್ತು. ನಾನು ನಂಬಲಿಲ್ಲ. ಕೇಬಲ್ ಬಿಚ್ಚಿಟ್ಟರೆ ಮೀಟರ್ ನಿಂತೇ ಹೋಗುತ್ತದೆ. ಕ್ಲಚ್ ಪೆಡಲಿನ ಅಂಚು, ಹಿಂದೆ ಸಲಕರಣೆ ಸಿಕ್ಕಿಸುವ ಕೆಳಗಿನ ಲಿಂಕಿನ ತೂತು ನೋಡಬೇಕು. ತೂತು ದುಂಡಗಿದ್ದರೆ ಸರಿ, ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಗಾಡಿ ಚೆನ್ನಾಗಿ ಎಳೆದಾಡಿದೆ ಅಂತ ಅರ್ಥ. ನನ್ನದರಲ್ಲಿ ಪೆಡಲ್ ಸವೆದಿತ್ತು, ತೂತು ದುಂಡಗಿತ್ತು. 3,000 ಗಂಟೆ ಅಂತ ಲೆಕ್ಕ ಹಾಕಿಕೊಂಡೇ ತಗೊಂಡೆ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿ ಸಾಲದ ಹೆಸರು ಇದ್ದರೆ ಸಾಲ ತೀರಿದ್ದಕ್ಕೆ ಬ್ಯಾಂಕ್ ಕೊಡುವ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಳ್ಳಿ. ಟ್ರೇಲರ್ ಇದ್ದರೆ ಅದರ ಆರ್‌ಸಿ ಬೇರೆ. ಸಬ್ಸಿಡಿ ಗಾಡಿಯಾಗಿದ್ದರೆ ಮಾರೋಕೆ ಷರತ್ತು ಇದೆಯಾ ಅಂತ ಕೇಳಿಕೊಳ್ಳಿ.

ಸಾಗಿಸೋಕೆ ಇದಕ್ಕೆಂದೇ ಖಾಲಿ ಲಾರಿ ಮಾಡಿದರೆ 20 ಸಾವಿರದ ಮೇಲೆ. ವಿಜಯಪುರದಿಂದ ಬೆಂಗಳೂರಿಗೆ ಬರುವ ಲಾರಿ ಹೊಸಪೇಟೆ, ಚಿತ್ರದುರ್ಗ, ಶಿರಾ ಮೇಲೇ ಬರಬೇಕಲ್ವಾ? ಅರ್ಧ ಲೋಡಿನ ಲಾರಿ ಹಿಡಿದು ಶಿರಾದಲ್ಲಿ ಇಳಿಸಿಕೊಂಡೆ. 9 ಸಾವಿರಕ್ಕೆ ಮುಗಿಯಿತು. ಆ ಲಾರಿ ಹೇಗೆ ಸಿಗುತ್ತದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಇನ್ನೊಂದು ಗಾಡಿ ತರುವ ಯೋಚನೆ ಇದೆ. ಇಳಿಸೋಕೆ ಮಾತ್ರ ಹಲಗೆ ನಂಬಬೇಡಿ. ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ ಲಾರಿಯ ಹಿಂಭಾಗ ಒತ್ತಿ ನಿಲ್ಲಿಸಿ.

ಮನೆಗೆ ಬಂದಾಗ ದೊಡ್ಡಪ್ಪ ಒಂದು ಸುತ್ತು ಹಾಕಿ, "ಲೋ, ದುಡ್ಡು ಕೊಟ್ಟು ಗುಜರಿ ತಂದಿದೀಯಲ್ಲೋ" ಅಂದರು. ಆ ವಾರವೇ ಗಾಡಿ ಅವರ ಮಾತು ನಿಜ ಮಾಡೋಕೆ ಹೊರಟಿತು. ಇಪ್ಪತ್ತು ನಿಮಿಷ ಓಡೋದು, ನಿಲ್ಲೋದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಡೀಸೆಲ್ ಫಿಲ್ಟರ್ ಹೊಸದು ಹಾಕಿದೆ. ಏರ್ ತೆಗೆದೆ. ಅದೇ ಕಥೆ. ಮೆಕ್ಯಾನಿಕ್ ಬಂದು ಡೀಸೆಲ್ ಪಂಪ್ ಬಿಚ್ಚಬೇಕು, ನಾಜಲ್ ಸೇರಿ 14 ಸಾವಿರ ಆಗುತ್ತೆ ಅಂದರು. ನಾನು ಒಪ್ಪಲಿಲ್ಲ. ಪಂಪ್ ಕೆಟ್ಟಿದ್ದರೆ ವಿಶ್ರಾಂತಿ ಕೊಟ್ಟ ತಕ್ಷಣ ಸರಿಹೋಗುತ್ತದಾ? ಫಿಲ್ಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು ನೋಡಿದೆ. ಮೊದಲು ಧಾರೆ, ಆಮೇಲೆ ಸಣ್ಣಗಾಗಿ ಹನಿ. ಟ್ಯಾಂಕ್ ಇಳಿಸಿದರೆ ಒಳಗೆ ಡಬ್ಬದ ಮುಚ್ಚಳದ ಪ್ಲಾಸ್ಟಿಕ್ ಹಾಳೆ! ಓಡುವಾಗ ತೂತಿಗೆ ಬಂದು ಅಂಟಿಕೊಳ್ಳೋದು, ನಿಂತಾಗ ತೇಲಿಹೋಗೋದು. ಖರ್ಚು, ತೊಳೆಯೋಕೆ ಒಂದೆರಡು ಲೀಟರ್ ಡೀಸೆಲ್.

ಎಲ್ಲವೂ ಇಷ್ಟು ಅಗ್ಗಕ್ಕೆ ಮುಗಿಯಲಿಲ್ಲ. ವೈರಿಂಗ್ ಪೂರ್ತಿ ಹೊಸದು, ಸೆಲ್ಫ್ ಮೋಟಾರ್ ರಿಪೇರಿ, ಬ್ಯಾಟರಿ ಸೇರಿ 15 ಸಾವಿರ ಹತ್ತಿರ. ದ್ರಾಕ್ಷಿ ಗಾಡಿ ತಂದರೆ ಈ ಖರ್ಚು ಇದ್ದದ್ದೇ. ಹಿಂದಿನ ಸಲಕರಣೆ ತಿರುಗಿಸುವ ಪಿಟಿಒ ಶಾಫ್ಟಿನ ಬೇರಿಂಗು ಮತ್ತು ಸೀಲು 6 ಸಾವಿರ. ಕ್ಲಚ್ ಪ್ಲೇಟ್ ಕೂಲಿ ಸೇರಿ 11. ಟೈರು ದೊಡ್ಡ ಹೊಡೆತ. ಮಾರಿದವರು ಮುಂದಿನ ಎರಡು ಟೈರು ಹೊಸದು ಹಾಕಿಸಿದ್ದರು, ಹಿಂದಿನವು ಬೋಳು. ನೋಡೋಕೆ ಒಳ್ಳೆಯದೇ. ಫೋರ್ ವೀಲ್ ಗಾಡಿಗೆ ಇದು ವಿಷ. ಮುಂದಿನ ಚಕ್ರ ಹಿಂದಿನದಕ್ಕಿಂತ ಒಂಚೂರು ಜಾಸ್ತಿ ಓಡುವ ಹಾಗೆ ಗೇರ್ ಲೆಕ್ಕ ಇರುತ್ತದೆ. ಹಿಂದಿನದು ಸವೆದು ಮುಂದಿನದು ಹೊಸದಾದರೆ ಆ ಅಂತರ ಇನ್ನೂ ಬೆಳೆದು ಮುಂದಿನ ಗೇರುಗಳ ಮೇಲೆ ಬೀಳುತ್ತದೆ. ಹಿಂದಿನ ಜೊತೆ ಅದೇ ಅಳತೆಯದ್ದು ಹಾಕಿಸಿದೆ, 18 ಸಾವಿರ ಇರಬೇಕು. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಮುಟ್ಟಲ್ಲ.

ರೋಟವೇಟರ್ ಹಳೇದೇ, 4 ಅಡಿಯದ್ದು, 35 ಸಾವಿರಕ್ಕೆ ಸಿಕ್ಕಿತು. ಸಾಗಣೆ, ರಿಪೇರಿ, ಆರ್‌ಟಿಒ ಎಲ್ಲ ಸೇರಿ 2.85ರ ಆಸುಪಾಸು ನಿಂತಿತು.

ತೋಟದೊಳಗೆ ಮೊದಲ ವರ್ಷ ನಡೆದದ್ದು ಬರೀ ಯುದ್ಧ. ಡ್ರಿಪ್ ಪೈಪ್ ರೋಟವೇಟರಿಗೆ ಸುತ್ತಿಕೊಂಡು, ಅದನ್ನು ಕುಡುಗೋಲಿನಲ್ಲಿ ಕೊಯ್ದು ಬಿಡಿಸೋದೇ ಒಂದು ಕೆಲಸ. ರೋಟವೇಟರ್ ಎತ್ತಿದರೆ ಮುಂಭಾಗ ಹಗುರಾಗಿ ಸ್ಟೀರಿಂಗ್ ಮಾತು ಕೇಳುತ್ತಿರಲಿಲ್ಲ. ಮುಂದೆ ಮರಳಿನ ಚೀಲ ಕಟ್ಟಿದೆ, ಹರಿದುಹೋಯಿತು. ಗುಜರಿಯಿಂದ ಎರಕದ ತುಂಡು ತಂದು, ವೆಲ್ಡಿಂಗಿನವರ ಹತ್ತಿರ ಕಂಬಿ ಮಾಡಿಸಿ ನೇತುಹಾಕಿದೆ. 40 ಕೆಜಿ ಹತ್ತಿರ ಇರಬಹುದು, ಸಾಕಾಯಿತು. ಹೊಗೆ ಕೊಳವೆ ಬಾಳೆಗೊನೆಗೆ ಹೊಡೆಯುತ್ತಿತ್ತು, ಬಗ್ಗಿಸಿ ಪಕ್ಕಕ್ಕೆ ತಿರುಗಿಸಿದೆ. ಹಿಂದಿನ ಚಕ್ರದ ಡಿಸ್ಕ್ ತಿರುವಿ ಹಾಕಿ ಗಾಡಿಯ ಅಗಲ ಕಮ್ಮಿ ಮಾಡಿದೆ. ಆದರೆ ಅಗಲ ಕಮ್ಮಿಯಾದಷ್ಟೂ ಉರುಳುವ ಭಯ ಜಾಸ್ತಿ. ಬಸಿಗಾಲುವೆ ಅಂಚಿಗೆ ಈಗ ಎರಡು ಅಡಿ ಬಿಟ್ಟೇ ಓಡಿಸುತ್ತೇನೆ.

ಬೇರಿನ ಮಾತಿಗೆ ಬರೋಣ. ಹಿರಿಯರು ಹೇಳೋದರಲ್ಲಿ ಸುಳ್ಳಿಲ್ಲ. ಅಡಿಕೆಯ ಹೆಚ್ಚಿನ ಬೇರು ಬುಡದ ಎರಡು ಮೂರು ಅಡಿಯಲ್ಲೇ ಇರುತ್ತದೆ, ಆಳಕ್ಕೂ ಹೋಗಲ್ಲ. ಹಾಗಂತ ಗಾಡಿಯನ್ನೇ ಬಿಡಬೇಕಾಗಿಲ್ಲ, ಆಳದ ಉಳುಮೆ ಬಿಟ್ಟರೆ ಸಾಕು. ನಾನು ರೋಟವೇಟರಿನ ಎರಡೂ ತುದಿಯ ಬ್ಲೇಡ್ ಬಿಚ್ಚಿ ಅಗಲ ಮೂರು ಅಡಿಗೆ ಇಳಿಸಿದೆ. ಸಾಲಿನ ನಡುವೆ ಮಾತ್ರ, ಎರಡು ಇಂಚು ಆಳ, ವರ್ಷಕ್ಕೆ ಒಮ್ಮೆ ಗೊಬ್ಬರ ಮಣ್ಣಿಗೆ ಸೇರಿಸೋಕೆ. ಮಿಕ್ಕ ಸಮಯ ಸ್ಲ್ಯಾಷರ್ ಕಟ್ಟಿ ಹುಲ್ಲು ಸವರೋದು. ಸ್ಲ್ಯಾಷರ್ ಊರಲ್ಲೇ ಮಾಡಿಸಿದ್ದು, 16 ಸಾವಿರ. ಡ್ರಿಪ್ ಪೈಪನ್ನು ಗಿಡದ ಸಾಲಿಗೇ ಸರಿಸಿ ಕಟ್ಟಿದೆ. ಹೇಗೆ ಕಟ್ಟಿದರೆ ಬಿಸಿಲಿಗೆ ಜೋತು ಬೀಳಲ್ಲ ಅನ್ನೋದು ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಮಣ್ಣು ಗಟ್ಟಿಯಾಗೋದಕ್ಕೆ ಅರ್ಧ ಕಾರಣ ಪಂಚರ್ ಅಂಗಡಿ. ಅಲ್ಲಿ ಯಾವ ಟ್ರ್ಯಾಕ್ಟರ್ ಟೈರಿಗೂ 30 ಪೌಂಡ್ ಗಾಳಿ ತುಂಬಿ ಕಳಿಸುತ್ತಾರೆ. ತೋಟದೊಳಗೆ ಹಿಂದಿನ ಚಕ್ರಕ್ಕೆ 12–14 ಸಾಕು. ಮಳೆ ಬಂದ ಮೇಲೆ ಮಣ್ಣು ಉಂಡೆ ಕಟ್ಟಿ ನೋಡಿ, ಉಂಡೆ ಒಡೆಯುವ ತನಕ ಒಳಗೆ ಇಳಿಯಲ್ಲ.

ನಡುವೆ ಒಂದಿಷ್ಟು ಹುಚ್ಚು ಪ್ರಯೋಗವೂ ನಡೆದವು. ಅಡಿಕೆ ಸುಲಿಯುವ ಯಂತ್ರವನ್ನು ಪಿಟಿಒಗೆ ಬೆಲ್ಟ್ ಹಾಕಿ ಓಡಿಸಿದೆ. ಒಂದೆರಡು ಎಚ್‌ಪಿ ಮೋಟಾರಿನ ಕೆಲಸಕ್ಕೆ ಡೀಸೆಲ್ ಸುಟ್ಟ ಹಾಗಾಯಿತು, ಬಿಟ್ಟೆ. ತೆಂಗಿನ ಗರಿ ಪುಡಿ ಮಾಡೋ ಯಂತ್ರ ಬೇರೆ ಕಥೆ. ಹಸಿ ಗರಿ ಹಾಕಿದರೆ ನಾರು ಶಾಫ್ಟಿಗೆ ಸುತ್ತಿಕೊಳ್ಳೋದು. ಪೂರ್ತಿ ಒಣಗಿದ್ದು ಹಾಕಿದರೆ ಧೂಳು, ಬ್ಲೇಡ್ ಮೊಂಡು. ಬೆಲ್ಟ್ ಜಾರೋದು ಬೇರೆ. ರಾಟೆ ಅಳತೆ ಬದಲಾಯಿಸಿ, ಬ್ಲೇಡಿನ ಕೋನ ತಿದ್ದಿ, ಅರೆ ಒಣಗಿದ ಗರಿ ಹಾಕಿದ ಮೇಲೆ ಹದಕ್ಕೆ ಬಂತು. ಈಗ ನನ್ನ ತೆಂಗಿನ ತೋಟದಲ್ಲಿ ಒಂದು ಗರಿಯನ್ನೂ ಸುಡಲ್ಲ, ಎಲ್ಲ ಬುಡಕ್ಕೆ ಮುಚ್ಚಿಗೆ. ಕೋನ ಎಷ್ಟು ಅಂತ ಮಾತ್ರ ಕೇಳಬೇಡಿ, ಆ ಯಂತ್ರ ಮಾಡಿಕೊಟ್ಟವರಿಗೆ ಮಾತು ಕೊಟ್ಟಿದ್ದೇನೆ.

ಡೀಸೆಲ್ ರೋಟವೇಟರಿಗೆ ಗಂಟೆಗೆ ಎರಡು ಲೀಟರ್ ಮೇಲೆ, ಸ್ಲ್ಯಾಷರಿಗೆ ಒಂದೂವರೆ, ಸಣ್ಣ ಟ್ರಾಲಿಗೆ ಇನ್ನೂ ಕಮ್ಮಿ. ಲೀಟರಿಗೆ 90ರ ಲೆಕ್ಕದಲ್ಲಿ ವರ್ಷಕ್ಕೆ 15 ಸಾವಿರ ಡೀಸೆಲ್, ಆಯಿಲ್ ಫಿಲ್ಟರಿಗೆ 5. ಕೂಲಿ 80 ಸಾವಿರದಿಂದ 25ಕ್ಕೆ ಇಳಿದಿದೆ. ವಾಪಸ್ ಬಂದ ದುಡ್ಡಲ್ಲಿ ಮಿಕ್ಕಿದ್ದು ಬಾಡಿಗೆಯದು. ಕಳೆದ ವರ್ಷ ಬಾಡಿಗೆಯಲ್ಲೇ ಖರ್ಚು ಕಳೆದು 60 ಸಾವಿರ ಉಳಿಯಿತು.

ಬಾಡಿಗೆಗೆ ಮೊದಲು ಕರೆದಿದ್ದು ದೊಡ್ಡಪ್ಪನ ಮಗ. ಗಂಟೆಗೆ 800, ನೆಂಟರಿಗೂ ಅದೇ ರೇಟು. ಕೀ ಯಾರಿಗೂ ಕೊಡಲ್ಲ, ನಾನೇ ಹೋಗಿ ಓಡಿಸುತ್ತೇನೆ. ಡ್ರಿಪ್ ಪೈಪ್ ಎತ್ತಿ ಕಟ್ಟಿಲ್ಲದ ತೋಟಕ್ಕೆ ಇಳಿಯಲ್ಲ. ಕೆರೆ ಕೆಳಗಿನವರು ಕರೆದರೆ ಹಿಂದಿನ ದಿನ ಹೋಗಿ ಮಣ್ಣು ನೋಡಿಕೊಂಡು ಬಂದೇ ದಿನ ಹೇಳುತ್ತೇನೆ.