ಗೇನ್ ಕಮ್ಮಿ, ಮಿಡ್ ಜಾಸ್ತಿ: ನನ್ನ ಲೀಡ್ ಟೋನ್ ಕತೆ

ಗಿಟಾರ್ ನುಡಿಸುವವರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಬಂದು ನಿಲ್ಲುವುದು ಟೋನ್, ಅಂದರೆ ಗಿಟಾರ್ ದನಿಯ ಗುಣದ ಹತ್ತಿರವೇ. ಯಾವ ಪೆಡಲ್ (ಕಾಲಲ್ಲಿ ತುಳಿದು ಸದ್ದು ಬದಲಿಸುವ ಡಬ್ಬಿ), ಯಾವ ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ), ಯಾವ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಭಾಗ). ನಾನು ವಿರಾಜಪೇಟೆ ಕಡೆಯವನು. ಹಗಲು ತೋಟದ ಕೆಲಸ, ಸಂಜೆ ಗಿಟಾರ್. ಗೋಣಿಕೊಪ್ಪ, ಮಡಿಕೇರಿ, ಕುಶಾಲನಗರದ ಮದುವೆ ರಿಸೆಪ್ಷನ್, ಹೋಂಸ್ಟೇ ಪಾರ್ಟಿಗಳಲ್ಲಿ ನಮ್ಮ ಬ್ಯಾಂಡ್ ನುಡಿಸುತ್ತದೆ. ನನ್ನ ಹತ್ತಿರ ಇರುವುದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಒಂದು ಗಿಟಾರ್. ಅದರ ಬ್ರಿಜ್‌ನಲ್ಲಿ ಹಂಬಕರ್, ಅಂದರೆ ಎರಡು ಸುರುಳಿಯ ಪಿಕಪ್. ಉಳಿದೆರಡು ಸಿಂಗಲ್ ಕಾಯಿಲ್, ಒಂದೇ ಸುರುಳಿಯವು. ಜೊತೆಗೆ ಒಂದು ಸಣ್ಣ ಟ್ಯೂಬ್ ಆಂಪ್, ನಾಲ್ಕೈದು ಪೆಡಲ್. ನನಗೆ ಇಷ್ಟವಾದ ಲೀಡ್ (ಸೋಲೋ ನುಡಿಸುವ) ಟೋನ್‌ಗಳ ಹತ್ತಿರ ಹೋಗಲು ಇಷ್ಟೇ ಸಾಮಾನು ಸಾಕಾಯಿತು.

ಮೊದಲು ಮಿಡ್ ವಿಷಯ, ಅಂದರೆ ಸದ್ದಿನ ನಡುವಿನ ಭಾಗ. ಅದರ ಕೆಳಗಿನದು ಬೇಸ್, ಮೇಲಿನದು ಟ್ರೆಬಲ್. ಮನೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ಬೇಸ್, ಟ್ರೆಬಲ್ ಏರಿಸಿ ಮಿಡ್ ಇಳಿಸಿದರೆ ಸದ್ದು ಭರ್ಜರಿಯಾಗಿ ಕೇಳುತ್ತದೆ. ಅದೇ ಸೆಟ್ಟಿಂಗ್ ಬ್ಯಾಂಡ್ ಜೊತೆ ಹಾಕಿ ನೋಡಿ. ಕೆಳಗಿನ ಜಾಗವನ್ನು ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ತಿನ್ನುತ್ತವೆ, ಮೇಲಿನದನ್ನು ಸಿಂಬಲ್. ಗಿಟಾರ್ ಎಲ್ಲಿ ಹೋಯಿತು ಅಂತ ಹುಡುಕಬೇಕು. ಲೀಡ್‌ಗೆ ಜಾಗ ಇರುವುದು ಸುಮಾರು 500 ಹರ್ಟ್ಸ್‌ನಿಂದ ಮೇಲಕ್ಕೆ, ಮಧ್ಯದಲ್ಲಿ. ನಮ್ಮೂರಲ್ಲಿ ಇದನ್ನು ಯಾರೂ ಪಾಠ ಮಾಡಿ ಹೇಳಬೇಕಿಲ್ಲ. ಮದುವೆ ಮನೆಯ ವಾಲಗವನ್ನೇ ಕೇಳಿ. ಡೋಲಿನ ಸದ್ದು, ಜನರ ಗದ್ದಲ, ಎಲ್ಲದರ ನಡುವೆ ಆ ಊದುವ ವಾದ್ಯ ಮೈಕ್ ಇಲ್ಲದೆಯೇ ಗದ್ದೆಯ ಆಚೆ ದಡಕ್ಕೆ ಕೇಳುತ್ತದೆ. ಅದರ ಮೂಗಿನ ದನಿ ಪೂರ್ತಿ ಮಿಡ್. ಲೀಡ್ ಗಿಟಾರ್‌ಗೂ ಸ್ವಲ್ಪ ಆ ಮೂಗು ಬೇಕು.

ಹಾಗಾಗಿ ಆಂಪ್‌ನಲ್ಲಿ ನನ್ನ ಮಿಡ್ ಏಳು, ಬೇಸ್ ನಾಲ್ಕು, ಟ್ರೆಬಲ್ ಐದು. ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಒಂದು ಹಸಿರು ಪೆಡಲ್. ಈ ಸರ್ಕ್ಯೂಟ್ ಬೇಸ್ ಕಡಿಮೆ ಮಾಡಿ 700 ಹರ್ಟ್ಸ್ ಆಸುಪಾಸನ್ನು ಎತ್ತುತ್ತದೆ. ಡ್ರೈವ್ ಗುಂಡಿ ಒಂಬತ್ತು ಗಂಟೆಯ ಜಾಗದಲ್ಲಿ, ಲೆವೆಲ್ ಮಾತ್ರ ಮೂರು ಗಂಟೆಗೆ. ಅಂದರೆ ಪೆಡಲ್‌ನಿಂದ ಜಾಸ್ತಿ ಒಡಕು (ಡಿಸ್ಟಾರ್ಷನ್) ತೆಗೆದುಕೊಳ್ಳುವುದಿಲ್ಲ, ಅದು ಆಂಪನ್ನು ಒತ್ತುತ್ತದೆ ಅಷ್ಟೆ. ನಮ್ಮ ಸೌಂಡ್ ಹುಡುಗ ಮೊದಲೆಲ್ಲ "ಅಣ್ಣಾ, ಸೋಲೋ ಬಂದಾಗ ಫೇಡರ್ ಏರಿಸ್ಲಾ?" ಅಂತ ಕೈಸನ್ನೆ ಮಾಡುತ್ತಿದ್ದ. ಈಗ ಅವನಿಗೆ ಆ ಕೆಲಸ ಇಲ್ಲ. ಪೆಡಲ್ ತುಳಿದರೆ ಸಾಕು.

ಇನ್ನು ಇಷ್ಟದ ಟೋನ್‌ಗಳು. ನನಗೆ ಮೊದಲ ಸ್ಥಾನ ಡೇವಿಡ್ ಗಿಲ್ಮೋರ್‌ಗೇ. ಅದರಲ್ಲೂ ಅವರ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 'ಕಂಫರ್ಟಬ್ಲಿ ನಂಬ್' ಹಾಡಿನ ಎರಡನೇ ಸೋಲೋ, 1979ರದ್ದು. ಕಪ್ಪು ಸ್ಟ್ರಾಟ್, ಬಿಗ್ ಮಫ್ ಪೆಡಲ್, ಹೈವಾಟ್ ಆಂಪ್, ಡಿಲೇ (ಮರುದನಿ ಕೊಡುವ ಪೆಡಲ್), ಪಕ್ಕದಲ್ಲಿ ತಿರುಗುವ ಯಮಹಾ ಸ್ಪೀಕರ್. ಆ ಕಪ್ಪು ಗಿಟಾರ್ 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ಕೈಗೆ ಎಟಕುವುದು ಆ ಪೆಡಲ್‌ನ ಅಗ್ಗದ ನಕಲು. ಅದೂ ಸಾಕು, ಆದರೆ ಬಿಗ್ ಮಫ್‌ಗೆ ಒಂದು ಗುಣ ಇದೆ: ಅದು ತಾನೇ ಮಿಡ್ ತೋಡಿ ಹಾಕುತ್ತದೆ. ಗಿಲ್ಮೋರ್ ಬಳಿ ಜೋರಾಗಿ ಇಟ್ಟರೂ ಸ್ವಚ್ಛವಾಗಿ ಉಳಿಯುವ ದೊಡ್ಡ ಆಂಪ್ ಇತ್ತು. ನನ್ನ ಸಣ್ಣ ಆಂಪ್‌ನಲ್ಲಿ ಸುಮ್ನೆ ಮಫ್ ಹಾಕಿದರೆ ಜೇನುಗೂಡಿಗೆ ಕಲ್ಲು ಬಿದ್ದ ಸದ್ದು. ಅದಕ್ಕೆ ಮಫ್ ಆದ ಮೇಲೆ ಹಸಿರು ಪೆಡಲ್ ಇಟ್ಟು, ಅದರ ಡ್ರೈವ್ ಸೊನ್ನೆ ಮಾಡಿ, ಹೋದ ಮಿಡ್ ವಾಪಸ್ ತರುತ್ತೇನೆ. ಮಫ್‌ನ ಸಸ್ಟೇನ್ ಗುಂಡಿಯೂ ಅರ್ಧಕ್ಕಿಂತ ಕೆಳಗೆ.

ಡಿಲೇ 440 ಮಿಲಿಸೆಕೆಂಡ್, ಮರುದನಿ ಮೂರು ನಾಲ್ಕು ಸಲ, ಮಿಶ್ರಣ ಕಾಲು ಭಾಗ. ಬೇರೆ ಹಾಡುಗಳಿಗೆ ಲೆಕ್ಕ ಸುಲಭ. 60,000 ಅನ್ನು ಹಾಡಿನ ವೇಗದಿಂದ ಭಾಗಿಸಿ. ನಿಮಿಷಕ್ಕೆ 100 ಬೀಟ್ ಇದ್ದರೆ ಒಂದು ಬೀಟ್‌ಗೆ 600 ಮಿಲಿಸೆಕೆಂಡ್, ಅದರ ಮುಕ್ಕಾಲು 450. ಮದುವೆ ಹಾಲ್‌ಗಳಲ್ಲಿ ಮಾತ್ರ ಡಿಲೇ ಇನ್ನೂ ಇಳಿಸುತ್ತೇನೆ. ಬರೀ ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ. ಹಾಲೇ ಬೇಕಾದಷ್ಟು ಮರುದನಿ ಕೊಡುತ್ತದೆ, ರಿವರ್ಬ್ ಪೂರ್ತಿ ಬಂದ್.

ಇಷ್ಟೆಲ್ಲ ಆದಮೇಲೂ ಗಿಲ್ಮೋರ್ ಟೋನ್‌ನ ಮುಕ್ಕಾಲು ಪಾಲು ಇರುವುದು ಬೆಂಡ್‌ನಲ್ಲಿ. ತಂತಿ ಎಳೆದಾಗ ಸ್ವರ ಸರಿಯಾದ ಜಾಗಕ್ಕೆ ಮುಟ್ಟಬೇಕು, ಮುಟ್ಟಿದ ಮೇಲೆ ವೈಬ್ರೇಟೋ (ಸ್ವರದ ನಡುಕ) ನಿಧಾನವಾಗಿ ಶುರುವಾಗಬೇಕು. ಟ್ಯೂನರ್ ಹಚ್ಚಿಕೊಂಡು ಬೆಂಡ್ ಅಭ್ಯಾಸ ಮಾಡುವುದು ಬೋರ್ ಹೊಡೆಸುತ್ತದೆ. ಆದರೂ ಬೇರೆ ದಾರಿ ಇಲ್ಲ.

'ಕಂಫರ್ಟಬ್ಲಿ ನಂಬ್' ಇರುವ 'ದ ವಾಲ್' ಆಲ್ಬಮ್‌ನದೇ 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗದ ಸೋಲೋ ನನಗೆ ಹೋಂಸ್ಟೇಗಳಲ್ಲಿ ಉಪಯೋಗಕ್ಕೆ ಬಂತು. ಅಲ್ಲಿ ಗಿಲ್ಮೋರ್ ಪಿ-90 ಪಿಕಪ್‌ನ ಲೆಸ್ ಪಾಲ್ ಗಿಟಾರನ್ನು ನೇರ ಮಿಕ್ಸರ್‌ಗೆ ಚುಚ್ಚಿ ರೆಕಾರ್ಡ್ ಮಾಡಿದರು, ಆಮೇಲೆ ಅದನ್ನೇ ಆಂಪ್ ಮೂಲಕ ಹಾಯಿಸಿದರು. ಒಡಕು ತುಂಬಾ ಕಮ್ಮಿ, ಪ್ರತಿ ಏಟೂ ಬಿಡಿಬಿಡಿ ಕೇಳುತ್ತದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಾಕುವಂತಿಲ್ಲ, ಹತ್ತಕ್ಕೆ ಮುಂಚೆಯೂ ಪಕ್ಕದ ತೋಟದವರು ಸುಮ್ಮನಿರುವುದಿಲ್ಲ. ಇಂಥ ಕಡೆ ಆಂಪ್ ಒಯ್ಯುವುದೇ ಇಲ್ಲ. ಕಂಪ್ರೆಸರ್ (ಸದ್ದಿನ ಏರಿಳಿತ ಸಮ ಮಾಡುವ ಪೆಡಲ್) ಹಾಕಿ ನೇರ ಮಿಕ್ಸರ್‌ಗೆ. ಸಣ್ಣ ಸದ್ದಿನಲ್ಲೂ ಆ ಟೋನ್ ಕೆಡುವುದಿಲ್ಲ.

ಡೈರ್ ಸ್ಟ್ರೇಟ್ಸ್ ಬ್ಯಾಂಡ್‌ನ ಮಾರ್ಕ್ ನಾಫ್ಲರ್ 'ಸುಲ್ತಾನ್ಸ್ ಆಫ್ ಸ್ವಿಂಗ್'ನಲ್ಲಿ ಪಿಕ್ ಮುಟ್ಟಲಿಲ್ಲ, ಬರೀ ಬೆರಳು. ಬ್ರಿಜ್ ಮತ್ತು ನಡುವಿನ ಪಿಕಪ್ ಒಟ್ಟಿಗೆ. ಇದಕ್ಕೆ ಪೆಡಲ್ ಬೇಡ, ಉಗುರು ಸ್ವಲ್ಪ ಬಿಟ್ಟರೆ ಸಾಕು. ತೋಟದ ಕೆಲಸ ಇರುವವರಿಗೆ ಅದೇ ಕಷ್ಟ, ಅಲ್ವಾ?

ಗಿಟಾರಿಸ್ಟ್ ಗ್ಯಾರಿ ಮೂರ್ ಬೇರೆಯೇ ದಾರಿ. 1990ರ 'ಸ್ಟಿಲ್ ಗಾಟ್ ದ ಬ್ಲೂಸ್'ನ ಹಾಗೆ ಅಳುವ ಉದ್ದ ಸ್ವರ ಬೇಕಾದರೆ ಜಾಸ್ತಿ ಗೇನ್ (ಒಡಕು ತರುವ ಒತ್ತು) ಬೇಕು ಅಂತ ಅನ್ನಿಸುತ್ತದೆ. ನನಗೆ ಕೆಲಸ ಕೊಟ್ಟದ್ದು ನಿಲ್ಲುವ ಜಾಗ. ಆಂಪ್‌ನ ಸ್ಪೀಕರ್ ಕಡೆ ಗಿಟಾರ್ ತಿರುಗಿಸಿದರೆ ಅದರ ಸದ್ದೇ ತಂತಿಯನ್ನು ಮತ್ತೆ ಅಲುಗಿಸುತ್ತದೆ, ಸ್ವರ ಸಾಯುವುದಿಲ್ಲ. ಈ ಜಾಗ ಸ್ವರದಿಂದ ಸ್ವರಕ್ಕೆ ಬೇರೆ. ಸೌಂಡ್ ಚೆಕ್‌ನಲ್ಲೇ ಹುಡುಕಿ ಸ್ಟೇಜ್ ಮೇಲೆ ಸೀಮೆಸುಣ್ಣದ ಗುರುತು ಹಾಕಿಡುತ್ತೇನೆ. ಮದುಮಕ್ಕಳ ಫೋಟೋಗ್ರಾಫರ್‌ಗಳು ಅದನ್ನು ತುಳಿದು ಅಳಿಸುವುದು ಮಾಮೂಲಿ.

ದೊಡ್ಡ ಆಂಪ್ ಬೇಕೇ ಬೇಕು ಅನ್ನುವವರಿಗೆ ಲೆಡ್ ಜೆಪ್ಲಿನ್ ಬ್ಯಾಂಡ್‌ನ ಜಿಮ್ಮಿ ಪೇಜ್ ಹೆಸರು ಹೇಳುತ್ತೇನೆ. 1971ರ 'ಸ್ಟೇರ್‌ವೇ ಟು ಹೆವನ್' ಸೋಲೋ ಟೆಲಿಕಾಸ್ಟರ್‌ನಲ್ಲಿ, ಸಣ್ಣದೊಂದು ಸುಪ್ರೋ ಆಂಪ್‌ನಲ್ಲಿ ನುಡಿಸಿದ್ದು.

ಕೊಡಗಿನಲ್ಲಿ ಟೋನ್ ಕೆಡಿಸುವುದು ಕರೆಂಟ್ ಮತ್ತು ಮಳೆ. ಸಿಂಗಲ್ ಕಾಯಿಲ್ ಪಿಕಪ್ ಸುತ್ತಮುತ್ತಲಿನ 50 ಹರ್ಟ್ಸ್ ಗುಂಯ್ ಅನ್ನು ಹೀರಿಕೊಳ್ಳುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರ್ ಓಡುತ್ತಿದ್ದರೆ ಮನೆಯಲ್ಲಿ ನೆಕ್ ಕಡೆಯ ಸಿಂಗಲ್ ಕಾಯಿಲ್ ಪಿಕಪ್ ಬಳಸುವ ಹಾಗೇ ಇಲ್ಲ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ಮಾಡಿದ್ದೇ ಈ ಕಾಟಕ್ಕೆ. ಎರಡು ಕಾಯಿಲ್ ಎದುರುಬದುರು ಸುತ್ತಿ ಗುಂಯ್ ಅನ್ನು ಒಂದಕ್ಕೊಂದು ಕಳೆಯುವ ಉಪಾಯ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ನಾನು ಹಂಬಕರ್ ಬಿಟ್ಟು ಅಲುಗುವುದಿಲ್ಲ. ಮೆತ್ತಗಿನ ಸದ್ದು ಬೇಕಾದರೆ ಗಿಟಾರ್‌ನ ಟೋನ್ ಗುಂಡಿ ಇಳಿಸುತ್ತೇನೆ. ಎರಿಕ್ ಕ್ಲಾಪ್ಟನ್ ಕ್ರೀಮ್ ಬ್ಯಾಂಡ್ ಕಾಲದಲ್ಲಿ ಮಾಡುತ್ತಿದ್ದುದೂ ಇದನ್ನೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಮೂಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಯಲ್ಲಿ ಬೆಂಡ್ ಮಾಡಿದರೆ ಬೆರಳಿಗೂ ನೋವು, ಟೋನ್ ಕೂಡ ಸತ್ತಂತೆ. ದುಡ್ಡು ಜಾಸ್ತಿಯಾದರೂ ಲೇಪ ಇರುವ ಕೋಟೆಡ್ ತಂತಿಯೇ ಲಾಭ. ಮಳೆ ತಂಪಿನಲ್ಲಿ ಒಂದು ಅನುಕೂಲವೂ ಇದೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಝ್ (ಒರಟು ಒಡಕಿನ) ಪೆಡಲ್ ಬಿಸಿಲಿಗೆ ದನಿ ಬದಲಿಸುತ್ತದೆ. ನನ್ನದು ಏಪ್ರಿಲ್‌ನ ಮೈಸೂರಿನಲ್ಲಿ ಮಂಕಾಗುತ್ತದೆ, ಮಡಿಕೇರಿಯಲ್ಲಿ ಹಾಯಾಗಿರುತ್ತದೆ.

ಇನ್ನೂ ಕೈಗೆ ಸಿಗದ ಟೋನ್ ಅಂದರೆ ಕ್ವೀನ್ ಬ್ಯಾಂಡ್‌ನ ಬ್ರಯಾನ್ ಮೇ ಅವರದು. ಅಪ್ಪನ ಜೊತೆ ಸೇರಿ 1963ರಲ್ಲಿ ಮನೆಯಲ್ಲೇ ಮಾಡಲು ಶುರುಮಾಡಿದ ಗಿಟಾರ್, ಅದರ ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮರ, ಮುಂದೆ ವಾಕ್ಸ್ ಎಸಿ30 ಆಂಪ್, ಪಿಕ್ ಬದಲು ಸಿಕ್ಸ್‌ಪೆನ್ಸ್ ನಾಣ್ಯ. ನಾಣ್ಯದ ವಿಷಯದಲ್ಲಿ ಮಾತ್ರ ನಾನು ಸಮಕ್ಕೆ ಬಂದಿದ್ದೇನೆ. ಅಜ್ಜಿಯ ಡಬ್ಬಿಯಲ್ಲಿ ಅಂಚಿಗೆ ಗೀರಿರುವ ಹಳೇ ನಾಲ್ಕಾಣೆ ಸಿಕ್ಕಿತು. 2011ರಿಂದ ಅದು ಅಂಗಡಿಯಲ್ಲಿ ನಡೆಯುವುದಿಲ್ಲ, ತಂತಿ ಮೇಲೆ ಚೆನ್ನಾಗಿ ನಡೆಯುತ್ತದೆ. ಪ್ರತಿ ಸ್ವರದ ಶುರುವಿನಲ್ಲಿ ಒಂದು ಸಣ್ಣ ಕರಕರ ಬರುತ್ತದೆ. ಉಳಿದದ್ದು ಟ್ರೆಬಲ್ ಬೂಸ್ಟರ್, ಅಂದರೆ ಟ್ರೆಬಲ್ ಎತ್ತಿ ಆಂಪನ್ನು ಒತ್ತುವ ಪೆಡಲ್. ಒಂದೇ ಟ್ರಾನ್ಸಿಸ್ಟರ್‌ನ ಸರ್ಕ್ಯೂಟ್, ಬಿಡಿಭಾಗ ತರಿಸಿಟ್ಟಿದ್ದೇನೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಗ ಸೋಲ್ಡರ್ ಮಾಡಬೇಕು.