ಜೂನ್ ಶಾಲೆಗೆ ಏಪ್ರಿಲ್‌ನಲ್ಲೇ ತಯಾರಿ: ಮುಂಬಯಿ ಕನ್ನಡಿಗರ ಮನೆಯ ಒಂದನೇ ಕ್ಲಾಸು

ಮುಂಬಯಿಯಲ್ಲಿ ಶಾಲೆ ಶುರುವಾಗುವುದು ಜೂನ್ ನಡುವಿಗೆ. ಊರಿನಲ್ಲಿ ಮೇ ಕೊನೆಗೇ ಗಂಟೆ ಹೊಡೆದಿರುತ್ತದೆ. ಈ ಹದಿನೈದು ದಿನದ ಅಂತರವೇ ನಮ್ಮವರನ್ನು ಸೋಮಾರಿ ಮಾಡುತ್ತದೆ. ‘ಇನ್ನೂ ಟೈಮಿದೆ’ ಎಂದು ಹಲಸಿನಹಣ್ಣು ಮುಗಿಯುವ ತನಕ ಅಜ್ಜಿಮನೆಯಲ್ಲೇ ಇದ್ದು, ಶಾಲೆಗೆ ಎರಡು ದಿನ ಇದೆ ಅನ್ನುವಾಗ ಬಂದಿಳಿದು, ಬ್ಯಾಗು, ಶೂ, ಕೊಡೆ ಎಂದು ಓಡಾಡುತ್ತೇವೆ. ಅಂಗಡಿಯ ಕೆಲಸವೇನೋ ಎರಡು ದಿನದಲ್ಲಿ ಮುಗಿಯುತ್ತದೆ. ಕಾಗದಪತ್ರ ಸರಿ ಮಾಡಿಸುವುದು, ಮಗುವಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳಲು ಕಲಿಸುವುದು ಮಾತ್ರ ಎರಡು ದಿನದಲ್ಲಿ ಆಗುವಂಥದ್ದಲ್ಲ. ಒಂದನೇ ಕ್ಲಾಸಿಗೆ ಹೋಗುವ ಮಗು ಮನೆಯಲ್ಲಿದ್ದರೆ ಏನನ್ನು ಯಾವಾಗ ಮಾಡಬೇಕು ಎಂದು ನೋಡೋಣ.

ಮೊದಲು ವಾಪಸ್ ಟಿಕೆಟ್

ಊರಿಗೆ ಹೋಗುವ ಟಿಕೆಟ್ ಎಲ್ಲರೂ ಮಾಡಿಸುತ್ತಾರೆ. ಬರುವ ಟಿಕೆಟ್ಟೇ ಕೈಕೊಡುವುದು. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲಷ್ಟೇ ತೆರೆಯುತ್ತದೆ. ಜೂನ್ 8ಕ್ಕೆ ಹೊರಡಬೇಕೆಂದರೆ ಏಪ್ರಿಲ್ 9ರ ಬೆಳಿಗ್ಗೆ 8 ಗಂಟೆಗೆ ಮೊಬೈಲ್ ಹಿಡಿದು ಕೂರಬೇಕು. ಮತ್ಸ್ಯಗಂಧ ಇರಲಿ, ಕಲಬುರಗಿ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇರಲಿ, ಜೂನ್ ಎರಡನೇ ವಾರ ವೇಟಿಂಗ್ ಲಿಸ್ಟೇ ಗತಿ. ಕರಾವಳಿಯವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಜೂನ್‌ನಲ್ಲಿ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಶುರುವಾಗುತ್ತದೆ. ಗಾಡಿಗಳು ನಿಧಾನ ಓಡುತ್ತವೆ, ಹೊರಡುವ ಹೊತ್ತೂ ಬದಲಾಗುತ್ತದೆ. ಶಾಲೆಗೆ ಒಂದು ವಾರ ಮೊದಲೇ ಮನೆ ಸೇರಿದರೆ ಮಗುವಿನ ನಿದ್ದೆ, ಊಟದ ಹೊತ್ತು ಸರಿಹೋಗುತ್ತದೆ.

ವಯಸ್ಸು, ದಾಖಲೆ, ಹೆಸರು

ಮಹಾರಾಷ್ಟ್ರದಲ್ಲಿ ಒಂದನೇ ಕ್ಲಾಸಿಗೆ ಆ ವರ್ಷದ ಡಿಸೆಂಬರ್ 31ಕ್ಕೆ 6 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ ಜೂನ್ 1ರ ಲೆಕ್ಕ. ಹಾಗಾಗಿ ಅಕ್ಟೋಬರ್‌ನಲ್ಲಿ ಹುಟ್ಟಿದ ನಿಮ್ಮ ಮಗ ಇಲ್ಲಿ ಒಂದನೇ ಕ್ಲಾಸಿನಲ್ಲಿದ್ದು, ಅದೇ ತಿಂಗಳು ಹುಟ್ಟಿದ ಅವನ ಚಿಕ್ಕಪ್ಪನ ಮಗ ಉಡುಪಿಯಲ್ಲಿ ಇನ್ನೂ ಯುಕೆಜಿಯಲ್ಲಿರಬಹುದು. ಮದುವೆ ಮನೆಯಲ್ಲಿ ಯಾರಾದರೂ ಹೋಲಿಸಿ ಮಾತಾಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಜನನ ಪ್ರಮಾಣಪತ್ರ, ಆಧಾರ್, ವಿಳಾಸದ ದಾಖಲೆ, ಫೋಟೊ, ಲಸಿಕೆ ಕಾರ್ಡು. ಒಂದು ಫೈಲಿನಲ್ಲಿ ಇವು, ಇನ್ನೊಂದರಲ್ಲಿ ಇವುಗಳ ಜೆರಾಕ್ಸ್. ಮಗುವಿಗೆ 5 ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು ಕೊಡಿಸಬೇಕು. 5ರಿಂದ 7 ವರ್ಷದೊಳಗೆ ಮಾಡಿಸಿದರೆ ದುಡ್ಡಿಲ್ಲ. ಡಿಪಿಟಿ ಲಸಿಕೆಯ ಎರಡನೇ ಬೂಸ್ಟರ್ ಕೂಡ 5–6 ವರ್ಷಕ್ಕೇ ಬರುತ್ತದೆ. ಎರಡನ್ನೂ ರಜೆಯಲ್ಲೇ ಮುಗಿಸಿ.

ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಹೆಸರಿನಲ್ಲಿ.

ಇಲ್ಲಿನ ಫಾರಂ ಕೇಳುವುದು ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನಮ್ಮಲ್ಲಿ ಶೆಟ್ಟಿ, ಪೂಜಾರಿ, ಪಾಟೀಲ ಆದವರು ಬಚಾವ್. ಇನಿಷಿಯಲ್ ಇಟ್ಟುಕೊಂಡು ಬೆಳೆದ ಹಾಸನ, ಮಂಡ್ಯದ ಕಡೆಯವರ ಕಥೆ ಬೇರೆ. ಅಪ್ಪನ ಆಧಾರ್‌ನಲ್ಲಿ ‘ಕೆ. ಎಸ್. ಮಂಜುನಾಥ’, ಮಗುವಿನ ಜನನ ಪ್ರಮಾಣಪತ್ರದಲ್ಲಿ ಬರೀ ‘ಆರ್ಯನ್’, ಆಧಾರ್‌ನಲ್ಲಿ ‘ಆರ್ಯನ್ ಎಂ.’ ಅಂತಿದ್ದರೆ ಶಾಲೆಯ ಗುಮಾಸ್ತರು ತಮಗೆ ತೋಚಿದ್ದನ್ನು ಬರೆಯುತ್ತಾರೆ. ಅವರದೇನೂ ತಪ್ಪಿಲ್ಲ, ಅಡ್ಡಹೆಸರಿನ ಜಾಗ ಖಾಲಿ ಬಿಡಲು ಅವರಿಗೆ ಬರುವುದಿಲ್ಲ. ಊರಿನ ಹೆಸರೋ ಮನೆತನದ ಹೆಸರೋ, ಯಾವುದಾದರೂ ಒಂದನ್ನು ಗಂಡ ಹೆಂಡತಿ ಕೂತು ಈಗಲೇ ಖಾಯಂ ಮಾಡಿ. ಎಲ್ಲ ದಾಖಲೆಯಲ್ಲೂ ಅದೇ ಕಾಗುಣಿತ ಇರಲಿ. ಜನನ ಪ್ರಮಾಣಪತ್ರ ಊರಿನದ್ದಾದರೆ ತಿದ್ದುಪಡಿಯೂ ಅಲ್ಲೇ ಆಗಬೇಕು. ಅದಕ್ಕೇ ಏಪ್ರಿಲ್ ಅಂದದ್ದು. ರಜೆಗೆ ಹೋದಾಗ ಪಂಚಾಯಿತಿ ಕಚೇರಿಗೂ ಹೋಗಿ ಬನ್ನಿ.

ಶಾಲೆಯಲ್ಲಿ ಜನರಲ್ ರಿಜಿಸ್ಟರ್ ಅಂತ ಒಂದು ದಪ್ಪ ಪುಸ್ತಕ ಇರುತ್ತದೆ. ಮಗು ಶಾಲೆ ಬಿಡುವಾಗ ಕೊಡುವ ಎಲ್‌ಸಿ, ಊರಿನಲ್ಲಿ ಟಿಸಿ ಅನ್ನುತ್ತೇವಲ್ಲ ಅದು, ಈ ಪುಸ್ತಕದಿಂದಲೇ ಇಳಿಯುವುದು. ಹೆಸರು, ತಾಯಿಯ ಹೆಸರು, ಮಾತೃಭಾಷೆ, ಧರ್ಮ, ಜಾತಿ, ಹುಟ್ಟಿದ ಊರು, ತಾಲ್ಲೂಕು, ಜಿಲ್ಲೆ, ಹುಟ್ಟಿದ ತಾರೀಕು, ಎಲ್ಲಕ್ಕೂ ಒಂದೊಂದು ಕಾಲಂ. ಮಗು ಶಾಲೆಯಲ್ಲಿರುವಾಗ ಇದನ್ನು ತಿದ್ದಿಸಬಹುದು. ಶಾಲೆ ಬಿಟ್ಟ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಫಾರಂ ತುಂಬುವಾಗ ಮಾತೃಭಾಷೆಯ ಕಾಲಂ ಸುಮ್ನೆ ಬಿಟ್ಟರೆ ಯಾರೋ ಹಿಂದಿ ಎಂದು ಬರೆದುಬಿಡಬಹುದು. ಮುಂದೆ ಹನ್ನೊಂದನೇ ತರಗತಿಗೆ, ಕಾಲೇಜಿಗೆ ಭಾಷಾ ಅಲ್ಪಸಂಖ್ಯಾತರ ಕೋಟಾದಲ್ಲಿ ಸೀಟು ಕೇಳುವಾಗ ನೋಡುವುದು ಎಲ್‌ಸಿಯ ಈ ಒಂದು ಕಾಲಂನ್ನೇ. ಸೇರಿಸಿದ ದಿನವೇ ‘ಮೇಡಂ, ರಿಜಿಸ್ಟರ್ ಒಂದ್ಸಲ ತೋರಿಸ್ತೀರಾ’ ಎಂದು ಕೇಳಿ, ಬರೆದದ್ದನ್ನು ಕಣ್ಣಾರೆ ನೋಡಿ ಬನ್ನಿ. ಸಂಕೋಚ ಬೇಡ.

ಸೀಟು ಇನ್ನೂ ಸಿಕ್ಕಿಲ್ಲವೇ?

ಖಾಸಗಿ ಶಾಲೆಗಳಲ್ಲಿ 25 ಶೇಕಡಾ ಸೀಟು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಅಡಿ ಉಚಿತ. ಬಡತನದ ಆಧಾರದ ಮೇಲೆ ಕೇಳುವವರಿಗೆ ವರ್ಷದ ಆದಾಯ 1 ಲಕ್ಷದೊಳಗೆ ಇರಬೇಕು. ಅರ್ಜಿ ಆನ್‌ಲೈನ್, ಆಯ್ಕೆ ಲಾಟರಿಯಲ್ಲಿ. ಬಾಡಿಗೆ ಮನೆಯವರಿಗೆ ನೋಂದಣಿಯಾದ ಲೀವ್ ಅಂಡ್ ಲೈಸೆನ್ಸ್, ಅಂದರೆ ಬಾಡಿಗೆ ಕರಾರು ಬೇಕು. ಸ್ಟಾಂಪ್ ಪೇಪರಿನ ಮೇಲೆ ಬರೀ ಸಹಿ ಮಾಡಿಕೊಂಡದ್ದು ನಡೆಯುವುದಿಲ್ಲ.

ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅದರಲ್ಲಿ ಕನ್ನಡವೂ ಒಂದು. ಪಾಲಿಕೆ ಶಾಲೆಗಳಲ್ಲಿ ಫೀಸಿಲ್ಲ, ಪುಸ್ತಕ, ಯೂನಿಫಾರ್ಮ್‌ಗೂ ದುಡ್ಡಿಲ್ಲ. ನಿಮ್ಮ ವಾರ್ಡಿನಲ್ಲಿ ಕನ್ನಡ ಮಾಧ್ಯಮ ಎಲ್ಲಿದೆ ಎಂದು ಪಾಲಿಕೆಯ ಶಿಕ್ಷಣ ಕಚೇರಿಯಲ್ಲಿ ಕೇಳಿ.

ಕಟ್ಟಡದ ಕೆಲಸಕ್ಕೆಂದು ಯಾದಗಿರಿ, ವಿಜಯಪುರದಿಂದ ಬಂದವರಿಗೆ ಒಂದು ಮಾತು. ಟಿಸಿ ಬಂದಿಲ್ಲ, ವಯಸ್ಸಿನ ದಾಖಲೆ ಇಲ್ಲ, ಜೂನ್ ಮುಗಿದುಹೋಯಿತು ಅನ್ನುವ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಸೇರಿಸಿಕೊಳ್ಳಲು ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತೆಯೂ ಇಲ್ಲ.

ಖರೀದಿ: ಶಾಲೆಗಿಂತ ಮಳೆಗೆ ಜಾಸ್ತಿ

ಮುಂಬಯಿಯಲ್ಲಿ ಶಾಲೆಯೂ ಮಳೆಯೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಪುಸ್ತಕ, ಪೆನ್ಸಿಲ್ಲಿಗಿಂತ ಮಳೆ ಸಾಮಾನಿನ ಬಗ್ಗೆ ಯೋಚನೆ ಮಾಡಿ. ಆರು ವರ್ಷದ ಮಗುವಿಗೆ ಕೊಡೆ ಬೇಡ. ಗಾಳಿಗೆ ಕೊಡೆ ಮಗುವನ್ನೇ ಎಳೆಯುತ್ತದೆ, ಇಲ್ಲವೇ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ಬ್ಯಾಗು ಒಳಗಿಟ್ಟು ಹಾಕಿಕೊಳ್ಳುವ ರೇನ್‌ಕೋಟ್ ತನ್ನಿ, ಬೆನ್ನಿನ ಕಡೆ ಸಡಿಲ ಇರುತ್ತದಲ್ಲ, ಅಂಥದ್ದು. ಅಂಗಡಿಯಲ್ಲಿ ಬ್ಯಾಗ್ ಹಾಕಿಯೇ ನೋಡಿ ಕೊಳ್ಳಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಬಹುದೇ ಎಂದು ಶಾಲೆಯಲ್ಲಿ ಕೇಳಿ. ಎಷ್ಟೋ ಶಾಲೆಗಳು ಬಿಡುತ್ತವೆ. ಬಿಟ್ಟರೆ ಕಪ್ಪು ಶೂ ಈಗಲೇ ಕೊಳ್ಳಬೇಡಿ, ದೀಪಾವಳಿ ಹೊತ್ತಿಗೆ ಕಾಲು ಬೆಳೆದಿರುತ್ತದೆ. ಶೂ ಕಡ್ಡಾಯ ಅಂದರೆ ರಾತ್ರಿ ಅದರೊಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿಡಿ. ನೀರು ಹೀರಿಕೊಳ್ಳುತ್ತದೆ. ಈ ಪುರವಣಿಯೂ ಆದೀತು, ಬೇಜಾರಿಲ್ಲ.

ನೋಟ್‌ಬುಕ್, ಬೈಂಡ್ ಕಾಗದ, ಲೇಬಲ್ ಎಲ್ಲ ಒಟ್ಟಿಗೆ ಕೊಳ್ಳುವವರು ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿ. ಬಿಲ್ಡಿಂಗಿನ ಮೂರ್ನಾಲ್ಕು ಮನೆಯವರು ಸೇರಿ ಡಜನ್ ಲೆಕ್ಕದಲ್ಲಿ ತಂದರೆ ಉಳಿತಾಯ. ಒಬ್ಬರಿಗಾಗಿ ಹೋದರೆ ಲೋಕಲ್ ನೂಕಾಟಕ್ಕೆ ಕೂಲಿ ಗಿಟ್ಟುವುದಿಲ್ಲ.

ಬ್ಯಾಗು ಚಿಕ್ಕದಿರಲಿ. 2020ರ ರಾಷ್ಟ್ರೀಯ ಸ್ಕೂಲ್ ಬ್ಯಾಗ್ ನೀತಿಯಂತೆ ಒಂದು, ಎರಡನೇ ಕ್ಲಾಸಿನವರ ಬ್ಯಾಗು ಪುಸ್ತಕ ಸೇರಿ 1.6ರಿಂದ 2.2 ಕಿಲೋ ಇರಬೇಕು. ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕೂ ಬೇಡ ಎನ್ನುತ್ತದೆ ಅದೇ ನೀತಿ. ದೊಡ್ಡ ಬ್ಯಾಗ್ ತಂದರೆ ಅದು ತುಂಬಿಯೇ ತುಂಬುತ್ತದೆ.

ಅಭ್ಯಾಸ: ಡಬ್ಬಿ, ಬಾತ್‌ರೂಮು, ನಾಲ್ಕು ಮಾತು

ನನ್ನನ್ನು ಕೇಳಿದರೆ ಎಬಿಸಿಡಿಗಿಂತ ಇದು ಮುಖ್ಯ. ಶಾಲೆಗೆ ಮೊದಲಿನ ಒಂದು ವಾರ ಮನೆಯಲ್ಲೇ ಮಗುವಿಗೆ ಡಬ್ಬಿಯಲ್ಲಿ ಊಟ ಕೊಡಿ. ನೆಲದ ಮೇಲೆ ಕೂತು ಅದೇ ತೆಗೆಯಬೇಕು, ಅದೇ ತಿನ್ನಬೇಕು, ಅದೇ ಮುಚ್ಚಬೇಕು. ಸ್ಟೀಲ್ ಡಬ್ಬಿಯ ಬಿಗಿ ಕ್ಲಿಪ್ಪಿಗೆ ಮಗುವಿನ ಹೆಬ್ಬೆರಳಿನ ಬಲ ಸಾಲುವುದಿಲ್ಲ. ಡಬ್ಬಿ ತೆಗೆಯಲಾಗದೆ ಹಸಿದು ಬಂದ ಮಗು ‘ಹಸಿವಾಗಲಿಲ್ಲ ಅಮ್ಮಾ’ ಎನ್ನುತ್ತದೆ, ನಾವು ಉಪ್ಪಿಟ್ಟು ಸೇರಲಿಲ್ಲ ಅಂದುಕೊಳ್ಳುತ್ತೇವೆ. ಬಾಟಲಿಯ ಮುಚ್ಚಳಕ್ಕೂ ಇದೇ ಮಾತು. ತಿನ್ನಲು ಎಷ್ಟು ಹೊತ್ತು ಬೇಕು ಗಡಿಯಾರ ನೋಡಿ. ಬಿಡುವಿನಲ್ಲಿ ಟೀಚರ್ ತುತ್ತು ಕೊಡುವುದಿಲ್ಲ, ಅಲ್ವಾ? ಸಾರು ಅನ್ನ ಬಿಟ್ಟು ಚಪಾತಿ ರೋಲ್, ಇಡ್ಲಿ ತುಂಡು, ನೀರುದೋಸೆ ಮಡಚಿ ಇಟ್ಟರೆ ಬೇಗ ಮುಗಿಯುತ್ತದೆ.

ಪ್ಯಾಂಟಿನ ಗುಂಡಿ, ಬೆಲ್ಟು ತಾನೇ ಬಿಚ್ಚಿ ಹಾಕಿಕೊಳ್ಳುವುದನ್ನೂ ಕಲಿಸಿ. ಇಲಾಸ್ಟಿಕ್ ಇರುವ ಯೂನಿಫಾರ್ಮ್ ಸಿಕ್ಕಿದರೆ ಅದನ್ನೇ ತನ್ನಿ.

ಇನ್ನು ಮಾತು. ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆ ಇಂಗ್ಲಿಷ್, ಆಟದ ಜಾಗದಲ್ಲಿ ಹಿಂದಿ. 2020ರ ಕಾನೂನಿನಂತೆ ಯಾವ ಮಾಧ್ಯಮದ ಶಾಲೆಯಾದರೂ ಮರಾಠಿ ಕಡ್ಡಾಯ. ಮಕ್ಕಳಿಗೆ ಇದೇನೂ ಭಾರವಲ್ಲ, ಮೂರು ತಿಂಗಳಲ್ಲಿ ನಮಗೇ ಪಾಠ ಹೇಳುತ್ತಾರೆ. ಮೊದಲ ವಾರ ಮಾತ್ರ ಕಷ್ಟ. ಟೀಚರ್ ಜೊತೆ ಇಂಗ್ಲಿಷ್ ನಡೆದರೂ ಮಕ್ಕಳನ್ನು ನೋಡಿಕೊಳ್ಳುವ ಆಯಾ ಮೌಶಿಗೆ ಮರಾಠಿಯೇ ಆಗಬೇಕು. ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿ. ‘ಮೀ ಶೂಲಾ ಜಾಊ ಕಾ?’ ಅಂದರೆ ಒಂದಕ್ಕೆ ಹೋಗಲಾ. ‘ಮಾಝಾ ಡಬಾ ಉಘಡತ ನಾಹಿ’ ಅಂದರೆ ನನ್ನ ಡಬ್ಬಿ ತೆಗೆಯಲಾಗುತ್ತಿಲ್ಲ. ‘ಮಲಾ ಬರಂ ವಾಟತ ನಾಹಿ’ ಅಂದರೆ ನನಗೆ ಹುಷಾರಿಲ್ಲ. ‘ಮಲಾ ಕಳಲಂ ನಾಹಿ’ ಅಂದರೆ ನನಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಅಪ್ಪ ಮೌಶಿಯಾಗಿ ಆಟ ಆಡಿದರೆ ಒಂದೇ ಸಂಜೆಯಲ್ಲಿ ಬರುತ್ತದೆ.

ಮೊದಲ ವಾರ

ಮೊದಲ ದಿನ ಎಷ್ಟೋ ಶಾಲೆಗಳಲ್ಲಿ ಪ್ರವೇಶೋತ್ಸವ ಇರುತ್ತದೆ. ಹೂ, ಬಲೂನು, ಫೋಟೊ. ಚೆಂದ. ಮಕ್ಕಳು ಅಳುವುದು ಎರಡನೇ ದಿನ, ಇದು ಒಂದು ದಿನದ ಆಟವಲ್ಲ ಎಂದು ಗೊತ್ತಾದಾಗ. ಹಾಗಾಗಿ ರಜೆ ಹಾಕುವುದಾದರೆ ಎರಡನೇ ದಿನಕ್ಕೂ ಸೇರಿಸಿ ಹಾಕಿ. ಹೋಟೆಲಿನಲ್ಲಿ ಕೆಲಸ ಮಾಡುವವರು ಬೆಳಗಿನ ಪಾಳಿ ಬದಲಿಸಿಕೊಳ್ಳಲು ಈಗಲೇ ಹೇಳಿಡಿ. ಗೇಟಿನ ಹತ್ತಿರ ಟಾಟಾ ಮಾಡಿ ಹೊರಟುಬಿಡಿ. ಕಿಟಕಿಯಿಂದ ಇಣುಕಬೇಡಿ.

ನಾಲ್ಕನೇ ಕ್ಲಾಸಿನವರೆಗೆ ಬೆಳಿಗ್ಗೆ 9ಕ್ಕಿಂತ ಮೊದಲು ಶಾಲೆ ಬೇಡ ಎಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಆದರೂ ನಿಮ್ಮ ಶಾಲೆಯ ಹೊತ್ತು ಕೇಳಿಕೊಂಡೇ ವ್ಯಾನ್ ಮಾತಾಡಿ. ಶಾಲಾ ಬಸ್ಸಿನಲ್ಲಿ ಮಹಿಳಾ ಸಹಾಯಕಿ ಇರಲೇಬೇಕು, ಹತ್ತಿಸುವಾಗ ನೋಡಿ. ವ್ಯಾನ್ ಕಾಕಾನ ಫೋನ್ ನಂಬರು ಮಗುವಿನ ಬ್ಯಾಗಿನಲ್ಲೂ ಇರಲಿ, ಅಜ್ಜಿಯ ಮೊಬೈಲಿನಲ್ಲೂ ಇರಲಿ. ರೆಡ್ ಅಲರ್ಟ್ ದಿನ ರಜೆಯೋ ಅಲ್ಲವೋ ಎಂದು ವಾಟ್ಸ್‌ಆಪ್ ಫಾರ್ವರ್ಡ್ ನಂಬಬೇಡಿ, ಪಾಲಿಕೆಯ ಪ್ರಕಟಣೆ ಇಲ್ಲವೇ ಶಾಲೆಯ ಮೆಸೇಜ್ ನೋಡಿ.

ಜುಲೈಗೆ ಬಾಕಿ

ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವರು ಕನ್ನಡ ಓದುವುದನ್ನು ಮನೆಯಲ್ಲೇ ಶುರು ಮಾಡಬಹುದು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಮಾಡುತ್ತದೆ, ಅದರ ವೆಬ್‌ಸೈಟಿನಿಂದ ಪಿಡಿಎಫ್ ಉಚಿತವಾಗಿ ಇಳಿಸಿಕೊಳ್ಳಬಹುದು. ಮಗು ಶಾಲೆಯಲ್ಲಿ ಮರಾಠಿಯ ಅ ಆ ಇ ಈ ಕಲಿಯುವ ಹೊತ್ತಿಗೇ ಕನ್ನಡದ್ದನ್ನೂ ತೋರಿಸಿ. ಸಾಲು ಒಂದೇ ಆದ್ದರಿಂದ ಬೇಗ ಹತ್ತುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು.

ಖಾಸಗಿ ಶಾಲೆಯಾದರೆ ವರ್ಷ ಶುರುವಾದ 30 ದಿನದೊಳಗೆ ಪಾಲಕ-ಶಿಕ್ಷಕ ಸಂಘ ರಚಿಸಬೇಕು. ಅದರ ಕಾರ್ಯಕಾರಿ ಸಮಿತಿಗೆ ಹೆಸರು ಕೊಟ್ಟ ಪಾಲಕರಲ್ಲಿ ಚೀಟಿ ಎತ್ತುತ್ತಾರೆ. ಫೀಸಿಗೆ ಒಪ್ಪಿಗೆ ಕೊಡುವುದು ಇದೇ ಸಮಿತಿ. ಪಾಲಿಕೆ ಶಾಲೆಯಲ್ಲಿ ಇದರ ಬದಲು ಶಾಲಾ ವ್ಯವಸ್ಥಾಪನ ಸಮಿತಿ ಇರುತ್ತದೆ. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ‘ನಮಗೆ ಮರಾಠಿ ಸರಿಯಾಗಿ ಬರಲ್ಲ’ ಎಂದು ನಮ್ಮ ಅಮ್ಮಂದಿರು ಹಿಂದೆ ಕೂರುತ್ತಾರೆ. ಫೀಸು, ನೀರು, ಬಾತ್‌ರೂಮಿನ ವಿಷಯ ಮಾತಾಡಲು ಬರುವಷ್ಟು ಮರಾಠಿ, ಹಿಂದಿ ಸಾಕು. ಸಭೆಯ ತಾರೀಕು ಮಗುವಿನ ಡೈರಿಯಲ್ಲಿ ಬರುತ್ತದೆ, ಜುಲೈ ಮೊದಲ ವಾರದ ಒಳಗೆ ಬರದಿದ್ದರೆ ಆಫೀಸಿಗೆ ಹೋಗಿ ಕೇಳಿ.