‘ಮಿಶ್ರ’ ಲೇಬಲ್ ಕಿತ್ತು ಹಾಕಿದೆ, ಲೆಕ್ಕ ಸರಿಹೋಯಿತು

ಓದುಗರ ಕಾಮೆಂಟು ಪರವೋ ವಿರೋಧವೋ ಅಂತ ಎಣಿಸುವ ಲೆಕ್ಕದಿಂದ ‘ಮಿಶ್ರ’ ಅನ್ನುವ ಲೇಬಲ್ಲನ್ನೇ ತೆಗೆಯುತ್ತೇನೆ ಅಂದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಎದುರಿಗೆ ಕಾಣುವುದನ್ನು ಇಲ್ಲ ಅಂತ ಹೇಗೆ ಹೇಳ್ತೀರಿ ಅಂದರು. ಈಗ ಅದೇ ಪದ್ಧತಿಯಲ್ಲಿ ಪ್ರತಿ ತಿಂಗಳ ವರದಿ ಹೋಗುತ್ತಿದೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಕೆಲಸ ಒಂದು ಸುದ್ದಿತಾಣದ್ದು. ಶಕ್ತಿ ಯೋಜನೆ, ಮೆಟ್ರೋ ದರ, ಇಂಥ ಸುದ್ದಿಗಳ ಕೆಳಗೆ ಓದುಗರು ಏನು ಹೇಳುತ್ತಿದ್ದಾರೆ ಅನ್ನುವುದು ಅವರಿಗೆ ಬೇಕಿತ್ತು. ಕಾಮೆಂಟುಗಳು ಹೀಗಿರುತ್ತವೆ: ‘ಫ್ರೀ ಬಸ್ ಒಳ್ಳೇದೇ, ನಮ್ಮಮ್ಮ ದಿನಾ ಹೋಗ್ತಾರೆ. ಆದ್ರೆ ಊರಿಗೆ ಬರೋದೇ ಎರಡು ಬಸ್ಸು, ಹತ್ತೋಕೆ ಜಾಗ ಇರಲ್ಲ.’ ಇದನ್ನು ಪರ ಅನ್ನೋಣವೇ, ವಿರೋಧ ಅನ್ನೋಣವೇ?

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಭಾರತೀಯ ಭಾಷೆಗಳಿಗೆಂದು ಗೂಗಲ್ ಮಾಡಿದ ಮುರಿಲ್ ಅನ್ನುವ ಭಾಷಾ ಮಾಡೆಲ್ ತಗೊಂಡು, ಪರ, ವಿರೋಧ, ತಟಸ್ಥ, ಮಿಶ್ರ ಅಂತ ಗುರುತಿಸಲು ನಮ್ಮ ಕಾಮೆಂಟುಗಳಿಂದ ಕಲಿಸಿದೆ (ಫೈನ್‌ಟ್ಯೂನ್). ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನೂ ಅದು ನೋಡಿ ಕಲಿತಿದೆಯಲ್ಲ, ಅದಕ್ಕೆ ಅದನ್ನೇ ಹಿಡಿದೆ. 2020ರ ಕ್ಯಾನ್‌ಸಿಎಂಡಿ ಅನ್ನುವ, ಮೊದಲೇ ಲೇಬಲ್ ಹಾಕಿದ ಡೇಟಾವನ್ನೂ ಸೇರಿಸಿದೆ. ಯೂಟ್ಯೂಬಿನ ಸುಮಾರು 7,600 ಕಾಮೆಂಟು ಅದರಲ್ಲಿವೆ, ಮಿಶ್ರ ಭಾವದವು ತೀರಾ ಕಡಿಮೆ. ಒಟ್ಟು ನಿಖರತೆ ಶೇಕಡಾ 70ರ ಮೇಲೆ ಬಂತು, ನೋಡೋಕೆ ಚಂದ. ಮಿಶ್ರದ ಎಫ್1 (ಎಷ್ಟು ಸರಿಯಾಗಿ ಹಿಡಿಯಿತು ಅನ್ನುವ ಅಂಕ, 1 ಅಂದರೆ ಪೂರ್ತಿ ಸರಿ) ಮಾತ್ರ 0.3 ದಾಟಲಿಲ್ಲ. ಓವರ್‌ಸ್ಯಾಂಪಲ್ ಮಾಡಿದರೆ, ಅಂದರೆ ಇದ್ದ ಮಿಶ್ರ ಕಾಮೆಂಟುಗಳನ್ನೇ ಮತ್ತೆ ಮತ್ತೆ ತೋರಿಸಿದರೆ, ತಟಸ್ಥ ಕಾಮೆಂಟುಗಳೆಲ್ಲ ಎದ್ದು ಮಿಶ್ರಕ್ಕೆ ಹೋಗಿ ಕೂತವು.

ದುಡ್ಡು ಹೋಗಿದ್ದು ಲೇಬಲ್ ಹಾಕಿಸುವುದರಲ್ಲಿ. ಆರು ಸಾವಿರ ಕಾಮೆಂಟು, ಒಂದೊಂದಕ್ಕೆ ಮೂರು ಜನ, ತಲಾ ಒಂದೂವರೆ ರೂಪಾಯಿ. ಇಪ್ಪತ್ತೇಳು ಸಾವಿರ ಕೈಬಿಟ್ಟಿತು. ಕಪ್ಪಾ, ಅಂದರೆ ಲೇಬಲ್ ಹಾಕುವವರು ಎಷ್ಟು ಒಪ್ಪುತ್ತಾರೆ ಅನ್ನುವ ಅಳತೆ, ತೆಗೆದು ನೋಡಿದರೆ ಪರ, ವಿರೋಧದಲ್ಲಿ ಮೂವರೂ ಒಂದೇ, ಮಿಶ್ರದಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ವ್ಯಂಗ್ಯ, ಅನುಮಾನ, ಅರ್ಥವಾಗದ್ದು, ಎಲ್ಲವನ್ನೂ ಅಲ್ಲಿಗೇ ಹಾಕಿದ್ದರು. ಅದೊಂದು ಕಸದ ಬುಟ್ಟಿ ಆಗಿತ್ತು. ಮನುಷ್ಯರೇ ಒಪ್ಪದ್ದನ್ನು ಮಾಡೆಲ್ ಎಲ್ಲಿಂದ ಕಲಿಯಬೇಕು?

‘ದೊಡ್ಡ ಎಲ್‌ಎಲ್‌ಎಂಗೆ (ಚಾಟ್‌ಜಿಪಿಟಿಯಂಥ ಮಾಡೆಲ್ಲಿಗೆ) ಕೊಡಿ, ಸುಮ್ನೆ ಯಾಕೆ ಒದ್ದಾಡ್ತೀರಿ’ ಅಂತ ಕೆಲವರು ಅಂದರು. ಕೊಟ್ಟೆ. ಅದಕ್ಕೆ ಕೊಡುವ ಸೂಚನೆಯಲ್ಲಿ (ಪ್ರಾಂಪ್ಟಿನಲ್ಲಿ) ಒಂದು ಸಾಲು ಬದಲಾದರೆ ಶೇಕಡಾವಾರು ಬದಲಾಗುತ್ತಿತ್ತು. ಬಿಲ್ಲು ತಿಂಗಳಿಗೆ ಹದಿನಾಲ್ಕು ಸಾವಿರದ ಹತ್ತಿರ. ಗ್ರಾಹಕರು ಕೊಡುತ್ತಿದ್ದುದೇ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕೊನೆಗೆ ಕಾಮೆಂಟನ್ನೇ ಕತ್ತರಿಸಿದೆ. ಮಾತು ತಿರುಗುವ ಜಾಗದಲ್ಲಿ ಕತ್ತರಿ, ಪ್ರತಿ ತುಂಡಿಗೆ ಎರಡು ಲೇಬಲ್: ಯಾವುದರ ಬಗ್ಗೆ, ಪರವೋ ವಿರೋಧವೋ. ಆದ್ರೆ, ಬಟ್ ಸುಲಭ. ‘ಮಾತ್ರ’ ಕಾಟ ಕೊಟ್ಟಿತು. ‘ರೇಟ್ ಮಾತ್ರ ಜಾಸ್ತಿ’ ಅಂದರೆ ಮಾತು ತಿರುಗಿದೆ, ‘ಮೂರು ಜನ ಮಾತ್ರ ಇದ್ರು’ ಅಂದರೆ ಇಲ್ಲ. ಹಿಂದೆ ಸಂಖ್ಯೆ ಇದ್ದರೆ ಕತ್ತರಿಸಬೇಡ ಅನ್ನುವ ನಿಯಮ ಹಾಕಿದ ಮೇಲೆ ಬಹುಪಾಲು ಸರಿಯಾಯಿತು. ಎಲ್ಲಕ್ಕಿಂತ ತಲೆ ತಿಂದಿದ್ದು ‘ರೂ’. ಬಂದರೂ, ಇದ್ದರೂ, ಕೊಟ್ಟರೂ ಹಿಡಿಯಲು ಹೋದರೆ ಎಲ್ಲರೂ, ಯಾರೂ ಕೂಡ ಸಿಕ್ಕಿಬೀಳುತ್ತವೆ. ಅದರ ಮೇಲೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿತು. ಎಲ್ಲಿ ನೋಡಿದರೂ ‘90 ರೂ’. ನನ್ನ ಕತ್ತರಿ ರೂಪಾಯಿಯನ್ನೂ ಬಿಡಲಿಲ್ಲ.

ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಮೊದಲೇ ಒಂದು ಸ್ಪೆಲ್ಲಿಂಗ್ ಪಟ್ಟಿ ಬೇಕು. ‘ಚೆನ್ನಾಗಿದೆ’ ಒಂದನ್ನೇ ಜನ ಮೂವತ್ತು ನಲವತ್ತು ಥರ ಬರೆಯುತ್ತಾರೆ. ಧಾರವಾಡ ಕಡೆಯ ಗೆಳೆಯರು ನೋಡಿ, ‘ಚಲೋ ಐತಿ’, ‘ಆದ್ರ’ ಎಲ್ಲಿ ಅಂತ ಬೈದ ಮೇಲೆ ಪಟ್ಟಿ ಇನ್ನೂ ಉದ್ದವಾಯಿತು. ಅದನ್ನು ಕಟ್ಟಿದ ಬಗೆ ನನ್ನ ಹತ್ತಿರವೇ ಇರಲಿ.

ತುಂಡು ಚಿಕ್ಕದಾದಾಗ ಲೇಬಲ್ ಹಾಕುವವರ ಜಗಳ ನಿಂತಿತು. ಕಪ್ಪಾ 0.7ರ ಸುತ್ತ ಬಂತು, ಕೂಲಿ ತುಂಡಿಗೆ ಅರವತ್ತು ಪೈಸೆಗೆ ಇಳಿಯಿತು. ಇನ್ನೊಂದು ಖುಷಿ ಏನೆಂದರೆ, ಅಕ್ಷರಗಳ ಎನ್‌ಗ್ರಾಂ (ಒತ್ತಟ್ಟಿಗೆ ಬರುವ ಕೆಲವು ಅಕ್ಷರಗಳ ಗುಂಪು) ಮೇಲೆ ಓಡುವ ಎಸ್‌ವಿಎಂ ಅನ್ನುವ ಹಳೇ, ಹಗುರ ಪದ್ಧತಿ ಮುರಿಲ್‌ಗಿಂತ ಎರಡು ಮೂರು ಅಂಕ ಮಾತ್ರ ಹಿಂದೆ. ಆಫೀಸಿನ ಲ್ಯಾಪ್‌ಟಾಪ್ ಸಾಕು. ದೊಡ್ಡ ಮಾಡೆಲ್ ಓಡಿಸಲು ಬೇಕಾದ ಜಿಪಿಯು ಚಿಪ್ಪಿನ ಬಾಡಿಗೆ ಉಳಿಯಿತು.

ತುಂಡುಗಳನ್ನು ಮತ್ತೆ ಕೂಡಿಸುವಾಗ ‘ಆದ್ರೆ’ ಆದಮೇಲಿನದಕ್ಕೆ ತೂಕ ಜಾಸ್ತಿ ಕೊಡುತ್ತೇನೆ. ಜನ ಮೊದಲು ಹೊಗಳಿ ಆಮೇಲೆ ಹೊಟ್ಟೆಯೊಳಗಿನದನ್ನು ಹೇಳುತ್ತಾರೆ, ಅಲ್ವಾ? ಎಷ್ಟು ತೂಕ ಅನ್ನುವುದು ಇಲ್ಲಿ ಬೇಡ.

ನಡುವೆ ಲೈಕುಗಳನ್ನೂ ಲೆಕ್ಕಕ್ಕೆ ತಂದು ನೋಡಿದೆ. ಮೊದಲು ಬರೆದವರಿಗೇ ಲೈಕು ಜಾಸ್ತಿ, ಅದರಿಂದ ಅಭಿಪ್ರಾಯ ತಿಳಿಯಲ್ಲ. ಕೈಮುಗಿಯುವ ಎಮೋಜಿಯನ್ನು ಪರ ಅಂತ ಎಣಿಸಿದ್ದೂ ದಂಡ. ಮೆಟ್ರೋ ಸುದ್ದಿಯ ಕೆಳಗೆ ಅದರ ಅರ್ಥ ‘ಸಾಕು ಮಾಡ್ರಪ್ಪಾ’ ಅಂತ.

ಮೊದಲಿನ ವರದಿಯಲ್ಲಿ ‘ಮೂರರಲ್ಲೊಂದು ಪಾಲು ಮಿಶ್ರ’ ಅಂತ ಇತ್ತು, ಸಂಪಾದಕರು ಓದಿ ಪಕ್ಕಕ್ಕಿಟ್ಟರು. ಹೊಸದರಲ್ಲಿ ‘ರೈಲಿಗೆ ಪರ, ದರಕ್ಕೆ ವಿರೋಧ’ ಅಂತ ಬಿಡಿಸಿ ಬಂತು. ಅದೇ ವಾರ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯಿತು.

ವ್ಯಂಗ್ಯ ಇನ್ನೂ ಕೈಗೆ ಸಿಕ್ಕಿಲ್ಲ. ‘ಇನ್ನೂ 50 ರೂ ಏರಿಸಿ ಸ್ವಾಮಿ, ನಡ್ಕೊಂಡ್ ಹೋದ್ರೆ ಆರೋಗ್ಯಕ್ಕೆ ಒಳ್ಳೇದು’ ಅನ್ನುವುದನ್ನು ನನ್ನ ಮಾಡೆಲ್ ಖುಷಿಯಿಂದ ಪರಕ್ಕೆ ಹಾಕುತ್ತದೆ. ಅಂಥವು ತಿಂಗಳಿಗೆ ನೂರಿನ್ನೂರು ಬರುತ್ತವೆ. ಅವನ್ನು ನಾನೇ ಕೂತು ಓದುತ್ತೇನೆ, ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕುತ್ತೇನೆ.